ಗೋವಾದಿಂದ ಬಂದ ಕಪ್ಪು ಬಿಯರ್

ಕಿತ್ತೂರಿನಲ್ಲಿ ನಮ್ಮ ಪಕ್ಕದ ಮನೆಯವರಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇತ್ತು. ಅವರ ಜೊತೆ ಕೂತು ಏನನ್ನಾದರೂ ತಿನ್ನುವುದೆಂದರೆ ನನಗೆ ತಲೆನೋವು. ಹೆದ್ದಾರಿಯ ಹೋಟೆಲ್ಲಿನಲ್ಲಿ ಮಿರ್ಚಿ ಭಜಿ ಕಚ್ಚಿದರೂ ಸಾಕು, ಮೊಣಕೈ ಹಿಡಿದು ಕೇಳುತ್ತಿದ್ದರು: “ಹೆಂಗೈತ್ರಿ? ಮತ್ತೇನ್ ಬಂತ್ರಿ ಬಾಯಾಗ?” ಭಜಿಯಲ್ಲಿ ಭಜಿಯಲ್ಲದೆ ಮತ್ತೇನು ಬರಬೇಕು!

ಒಂದು ಭಾನುವಾರ ಸಂಜೆ ಹೊಲದ ಮನೆಗೆ ಕರೆದರು. ಗೋವಾದಿಂದ ಕಪ್ಪು ಬಿಯರ್ ತಂದಿದ್ದರು. ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದಂತೆ, ಕೇಕಿನ ರುಚಿಯಂತೆ. ನಾನು ಗುಟುಕರಿಸಿದ ಕೂಡಲೇ ಮೊಣಕೈಗೆ ಕೈ ಬಂತು.

“ಕಹಿ ಐತ್ರಿ,” ಎಂದೆ.

“ಮತ್ತೇನ್ ಬಂತ್ರಿ?”

“ಚಾಕ್ಲೇಟ್.”

“ಮತ್ತ?”

“ಸುಟ್ಟ ಬೆಲ್ಲ.”

“ಮತ್ತ?”

ನನ್ನ ತಾಳ್ಮೆ ಮುಗಿಯಿತು. “ನಿಮ್ಮ ಕೈಯಾಗೂ ಗ್ಲಾಸ್ ಐತಲ್ರಿ! ನೀವ ಕುಡದು ಹೇಳ್ರಿ!”

ಅವರು ಒಂದು ಗುಟುಕು ಕುಡಿದು ಗ್ಲಾಸನ್ನು ಕೆಳಗಿಟ್ಟರು. “ನನಗ ನೀರ್ ಕುಡದಂಗ ಆಗತೈತ್ರಿ. ಕೊರೊನಾ ಬಂದು ಹ್ವಾದಾಗಿಂದ ವಾಸ್ನಿನೂ ಇಲ್ಲ, ರುಚಿನೂ ಇಲ್ಲ. ಮನ್ಯಾಗ ಹೆಂಡ್ತಿಗೂ ಹೇಳಿಲ್ರಿ. ದಿನಾ ಆಕಿ ಬಡಿಸಿ ನನ್ನ ಮಾರಿ ನೋಡತಾಳ. ಏನ್ ಹೇಳ್ಲಿ? ನೀವು ಹೇಳಿದ್ರ ಆ ರುಚಿ ಅಷ್ಟರ ನೆನಪಾಗತೈತಿ.”

ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇದನ್ನು ಮೊದಲೇ ಹೇಳಬಾರದಿತ್ತೇ? ಆದರೂ ಇನ್ನೊಂದು ಗುಟುಕನ್ನು ನಾಲಿಗೆಯ ಮೇಲೆ ಇಟ್ಟುಕೊಂಡೆ.

“ಹೋಳಿಗಿ ಬೇಯಿಸೂಮುಂದ ಹೂರಣ ಹೊರಗ ಬಂದು ಹಂಚಿಗೆ ಹತ್ತತೈತಲ್ರಿ,” ಎಂದೆ, “ಆ ವಾಸ್ನಿ ಐತಿ.”

ಅವರು ಕಣ್ಣು ಮುಚ್ಚಿದರು. ಬಾಟಲಿ ಖಾಲಿಯಾಗುವವರೆಗೂ ನಾನು ಹೇಳುತ್ತಲೇ ಇದ್ದೆ.