ಸುಮಿತ್ರಾ ಟೈಪು ಮಾಡಿದ ಸಂತರು

ಮುಂಬಯಿಯ ಪರೇಲಿನ ಒಂದು ಬಟ್ಟೆ ಗಿರಣಿಯ ಆಫೀಸಿನಲ್ಲಿ ಸುಮಿತ್ರಾ ಹದಿನೆಂಟು ವರ್ಷ ಸ್ಟೆನೋ ಆಗಿದ್ದಳು. ಎಂಬತ್ತೆರಡರ ಮುಷ್ಕರದಲ್ಲಿ ಮುಚ್ಚಿದ ಗಿರಣಿ ಮತ್ತೆ ಬಾಗಿಲು ತೆರೆಯಲಿಲ್ಲ. ಆಗ ಅವಳಿಗೆ ನಲವತ್ತೊಂದು. ಆಂಟಾಪ್ ಹಿಲ್‌ನ ಎರಡು ಕೋಣೆಯ ಮನೆಯಲ್ಲಿ ಅವಳು ಮತ್ತು ತಾಯಿ ಸುಬ್ಬಲಕ್ಷ್ಮಮ್ಮ, ಇಬ್ಬರೇ. "ಕೈಯಲ್ಲಿ ವಿದ್ಯೆ ಇದೆ, ಯಾಕೆ ಹೆದರ್ತೀಯ?" ಅಂದರು ತಾಯಿ. ಸುಮಿತ್ರಾ ಹಳೆಯ ಟೈಪ್‌ರೈಟರ್ ಒಂದನ್ನು ತಂದು ಕಿಟಕಿಯ ಬಳಿ ಇಟ್ಟು, ಅರ್ಜಿ, ಥೀಸಿಸ್, ಕೋರ್ಟಿನ ಕಾಗದ, ಏನು ಬಂದರೂ ಟೈಪು ಮಾಡತೊಡಗಿದಳು.

ಎಂಬತ್ತೈದರ ದೀಪಾವಳಿ ಕಳೆದ ಮೇಲೆ ಸಾಂತಾಕ್ರೂಜಿನಿಂದ ಒಬ್ಬ ವಯಸ್ಸಾದ ಪಾದ್ರಿ ಅವಳ ಮನೆ ಹುಡುಕಿಕೊಂಡು ಬಂದರು. ಹೆಸರು ಫಾದರ್ ಬೊನಿಫಾಸ್. ಬಂಟ್ವಾಳದ ಕಡೆಯವರು, ಮುಂಬಯಿಯ ಶಾಲೆಗಳಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಚೀಲದ ತುಂಬ ಕೈಬರಹದ ಇಂಗ್ಲಿಷ್ ಹಾಳೆಗಳು. ಅಕ್ಷರಗಳೋ, ಇರುವೆ ಸಾಲು ಹರಿದಂತೆ.

"ಏನಿದು ಫಾದರ್?"

"ಇಂಗ್ಲೆಂಡಿನ ಹಳೇ ಸಂತರ ಕಥೆ. ಸಾವಿರದ ಮುನ್ನೂರು ವರ್ಷ ಹಿಂದಿನದ್ದು. ನನಗೆ ಬೊನಿಫಾಸ್ ಅಂತ ಹೆಸರಿಟ್ಟಿದ್ದಾರಲ್ಲ, ಆ ಬೊನಿಫಾಸ್ ಯಾರು ಅಂತ ಹುಡುಕ್ಲಿಕ್ಕೆ ಹೋದೆ. ನೋಡಿದರೆ ಅವನ ಹಿಂದೆ ಒಂದು ದಂಡೇ ಉಂಟು!"

ಸುಮಿತ್ರಾಗೆ ಆಶ್ಚರ್ಯ. ಧರ್ಮ ಹೇಳಲು ಇಂಗ್ಲೆಂಡಿನವರು ನಮ್ಮಲ್ಲಿಗೆ ಬಂದದ್ದು ಅವಳಿಗೆ ಗೊತ್ತಿತ್ತು. "ಅವರಿಗೂ ಯಾರೋ ಹೋಗಿ ಹೇಳಬೇಕಾಯ್ತಾ?"

"ಮತ್ತೆಂತ? ಆಗ ಅವರು ಸಿಡಿಲಿಗೆ, ಮರಕ್ಕೆ ಕೈ ಮುಗೀತಿದ್ದವರು. ರೋಮಿನಿಂದ ಕೆಲವರು ಹೋದರು, ಐರ್ಲೆಂಡಿನ ಕಡೆಯಿಂದ ಕೆಲವರು. ನೀವು ಟೈಪು ಮಾಡಿ, ಗೊತ್ತಾಗ್ತದೆ."

ಗಿರಣಿಯಲ್ಲಿ ಅವಳ ಬೆರಳು ಓಡುತ್ತಿದ್ದಾಗ ಮನಸ್ಸು ಎಲ್ಲೋ ಇರುತ್ತಿತ್ತು. ಈ ಹಾಳೆಗಳಲ್ಲಿ ಹಾಗಾಗಲಿಲ್ಲ. ಒಂದು ದಿನ ಬೆರಳು ನಿಂತೇಹೋಯಿತು. ಒಳಗಿನಿಂದ ತಾಯಿ ಕೇಳಿದರು, "ಯಾಕೆ, ಶಬ್ದಾನೇ ಇಲ್ಲ?"

"ಅಮ್ಮ, ಏಡನ್ ಅಂತ ಒಬ್ಬ ಸಂತ. ಎಲ್ಲಿಗೆ ಹೋದರೂ ನಡೆದೇ ಹೋಗ್ತಿದ್ದ. ರಾಜ ಮರುಗಿ ತನ್ನ ಒಳ್ಳೇ ಕುದುರೆ ಕೊಟ್ಟ. ದಾರೀಲಿ ಭಿಕ್ಷುಕ ಸಿಕ್ಕಿದ, ಇವನು ಇಳಿದು ಜೀನಿನ ಸಮೇತ ಕುದುರೆಯನ್ನ ಅವನಿಗೇ ಕೊಟ್ಟುಬಿಟ್ಟ! ರಾಜನಿಗೆ ಸಿಟ್ಟು ಬಂತು. ಅದಕ್ಕೆ ಇವನು, ಕುದುರೆಗೆ ಹುಟ್ಟಿದ ಮಗ ನಿನಗೆ ದೇವರ ಮಗನಾದ ಆ ಭಿಕ್ಷುಕನಿಗಿಂತ ಹೆಚ್ಚೇನು ಅಂತ ಕೇಳಿದ."

"ರಾಜ ಸುಮ್ಮನಿದ್ನಾ?"

"ಸೊಂಟದ ಕತ್ತಿ ಬಿಚ್ಚಿಟ್ಟು ಕಾಲಿಗೆ ಬಿದ್ದ."

ಸುಬ್ಬಲಕ್ಷ್ಮಮ್ಮ ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿದರು. "ಆ ರಾಜನೂ ದೊಡ್ಡೋನೇ ಬಿಡು" ಅಂದರು.

ಅಂದಿನಿಂದ ತಾಯಿಗೆ ದಿನಕ್ಕೊಂದು ಕಥೆ ಬೇಕು. ಕತ್ಬರ್ಟ್ ಎಂಬ ಸಂತ ಕುತ್ತಿಗೆವರೆಗೆ ಸಮುದ್ರದಲ್ಲಿ ನಿಂತು ಜಪ ಮಾಡಿ ದಡಕ್ಕೆ ಬಂದಾಗ, ಎರಡು ನೀರುನಾಯಿಗಳು ಉಸಿರೂದಿ ಅವನ ಪಾದ ಬೆಚ್ಚಗೆ ಮಾಡಿದವು ಎಂದು ಕೇಳಿದ ದಿನ ಅವರು ಎರಡು ಸಲ ಹೇಳಿಸಿದರು.

ಎಂಬತ್ತೇಳರಲ್ಲಿ ಫಾದರ್‌ಗೆ ಹೃದಯದ ಕಾಯಿಲೆ ಜೋರಾಗಿ ಪರೇಲಿನ ಆಸ್ಪತ್ರೆ ಸೇರಿದರು. ಕೊನೆಯ ಅಧ್ಯಾಯ ಬಾಕಿ. ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು. ಸುಮಿತ್ರಾ ಶಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದು ದಿನಾ ಮಧ್ಯಾಹ್ನ ಹೋಗಿ ಮಂಚದ ಪಕ್ಕ ಕೂತಳು. ಅವರು ಹೇಳಿದರು, ಅವಳು ಬರೆದಳು.

ಆ ಅಧ್ಯಾಯ ಬೀಡ್ ಎಂಬ ಸನ್ಯಾಸಿಯದು. ಈ ಸಂತರ ಕಥೆಗಳಲ್ಲಿ ಹೆಚ್ಚಿನವನ್ನು ಬರೆದಿಟ್ಟವನೇ ಅವನು. ಸಾಯುವ ಕಾಲಕ್ಕೆ ಉಬ್ಬಸ ಪಡುತ್ತಲೇ, ಲ್ಯಾಟಿನ್ ಬಾರದ ತನ್ನ ಜನಕ್ಕಾಗಿ ಅವರದೇ ಮಾತಿನಲ್ಲಿ ಸುವಾರ್ತೆಯನ್ನು ಹೇಳಿ ಬರೆಸುತ್ತಿದ್ದ. ಕೊನೆಯ ದಿನ ತನ್ನ ಪೆಟ್ಟಿಗೆ ತರಿಸಿ, ಅದರಲ್ಲಿದ್ದದ್ದನ್ನು ಜೊತೆಯವರಿಗೆ ಹಂಚಿದ: ಸ್ವಲ್ಪ ಧೂಪ, ಒಂದಷ್ಟು ಬಟ್ಟೆ, ಸ್ವಲ್ಪ ಮೆಣಸು.

ಸುಮಿತ್ರಾ ಪೆನ್ಸಿಲ್ ನಿಲ್ಲಿಸಿದಳು. "ಮೆಣಸಾ? ನಾವು ಸಾರಿಗೆ ಹಾಕೋ ಮೆಣಸಾ ಫಾದರ್?"

"ಅದೇ. ನಮ್ಮ ಕರಾವಳಿಯ ಬಳ್ಳಿಯದ್ದು. ಆಗ ಬೇರೆಲ್ಲಿ ಬೆಳೀತಿತ್ತು ಹೇಳಿ? ಹಡಗು ಹತ್ತಿ, ಒಂಟೆ ಹತ್ತಿ, ಎಷ್ಟು ಕೈ ದಾಟಿ ಹೋಗಿತ್ತೋ."

ಯಾರೋ ಅಜ್ಜಿ ಚಾಪೆಯ ಮೇಲೆ ಒಣಗಿಸಿದ್ದ ಕಾಳು, ಭೂಮಿಯ ಆ ತುದಿಯಲ್ಲಿ ಸಂತನ ಕೈಯಿಂದ ಕೊನೆಯ ಪ್ರಸಾದವಾಗಿ ಹೋಗಿತ್ತು.

ಫಾದರ್ ಮುಂದುವರಿಸಿದರು. ಸಂಜೆ ಶಿಷ್ಯ ಬಂದು, ಗುರುಗಳೇ, ಇನ್ನೂ ಒಂದು ವಾಕ್ಯ ಉಳಿದಿದೆ ಎಂದ. ಬರೆದುಕೋ ಎಂದ ಬೀಡ್. ಬರೆದಾದ ಮೇಲೆ ತಾನು ಪ್ರಾರ್ಥಿಸುತ್ತಿದ್ದ ಕಡೆಗೆ ಮುಖ ಮಾಡಿ ನೆಲದ ಮೇಲೆ ಕೂತು, ದೇವರ ಸ್ತುತಿ ಹಾಡುತ್ತ ಪ್ರಾಣ ಬಿಟ್ಟ. ಇಷ್ಟು ಹೇಳುವಷ್ಟರಲ್ಲಿ, ಪುಸ್ತಕ ಮುಗಿಸುವ ಕೊನೆಯ ವಾಕ್ಯಕ್ಕೆ ಮೊದಲೇ, ಫಾದರ್ ಬಳಲಿ ಕಣ್ಣು ಮುಚ್ಚಿದರು. ನರ್ಸ್ ಬಂದು, "ಬಸ್, ಬಾಯಿ, ಆತಾ ಪುರೇ" ಎಂದು, ಇವತ್ತಿಗೆ ಸಾಕೆಂದು ಮರಾಠಿಯಲ್ಲಿ ಗದರಿಸಿದಳು.

ಸುಮಿತ್ರಾ ಬಗ್ಗಿ ಮೆಲ್ಲಗೆ ಹೇಳಿದಳು, "ಫಾದರ್, ಇನ್ನೂ ಒಂದು ವಾಕ್ಯ ಉಳಿದಿದೆ."

ಹೇಳಿದ ಮೇಲೆ ತಾನು ಆಡಿದ ಮಾತು ತನ್ನ ಕಿವಿಗೇ ಬಿತ್ತು. ಫಾದರ್ ಕಣ್ಣು ತೆರೆದು ಅವಳನ್ನೇ ನೋಡಿದರು. "ಬರೀರಿ" ಅಂದರು. ಬರೆದಳು.

ಫಾದರ್ ನಕ್ಕರು. "ಹೆದರಬೇಡಿ ಸುಮಿತ್ರಮ್ಮ, ನಾನು ಇವತ್ತು ಸಾಯುದಿಲ್ಲ. ಕಾಮಾ, ಫುಲ್‌ಸ್ಟಾಪ್ ಎಲ್ಲ ನೋಡ್ಲಿಕ್ಕೆ ಉಂಟಲ್ಲ!"

ಹಾಗೇ ಆಯಿತು. ಇನ್ನೂ ಮೂರು ವರ್ಷ ಬದುಕಿ, ಅಚ್ಚಾದ ಪುಸ್ತಕವನ್ನು ಕೈಯಾರೆ ಹಿಡಿದೇ ಹೋದರು.

ಸುಮಿತ್ರಾ ಮಾತ್ರ ಆಸ್ಪತ್ರೆಯಿಂದ ಬಂದ ವಾರವೇ ಒಂದು ನೋಟ್‌ಬುಕ್ಕು ತಂದು ಸಂತರನ್ನು ಕನ್ನಡದಲ್ಲಿ ಬರೆಯಲು ಕೂತಳು. ತಾಯಿಗೆ ಇಂಗ್ಲಿಷ್ ಬಾರದು. ಬೇರೆ ಕಾರಣ ಅವಳಿಗೆ ಬೇಕಿರಲಿಲ್ಲ. ಬರೆದಷ್ಟನ್ನು ಸಂಜೆ ಓದುತ್ತಿದ್ದಳು. ಕೇಳಲು ಕಟ್ಟಡದ ಹೆಂಗಸರೂ ಬಂದು ಕೂರತೊಡಗಿದರು. ಕೆಳಗಿನ ಮನೆಯ ಬಾಗಲಕೋಟೆಯ ಮಲ್ಲಕ್ಕ ಏಡನ್‌ನ ಕಥೆ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮ ಶರಣರ ಹಂಗ ಅದಾರಲ್ಲವಾ ಇವ್ರು! ಯಾವ ಊರಾಗ ಹುಟ್ಟಿದ್ರೋ ಏನೋ. ಓದ್ರಿ ಬಾಯಿ, ಮುಂದ ಏನಾತು?"