ಅಂಗಳದಲ್ಲಿ ಒಂದೇ ಗಾಡಿ

ಬೈಲಹೊಂಗಲದ ನಮ್ಮ ಮನೆಯ ಅಂಗಳದಲ್ಲಿ ಹೋದ ವರ್ಷದವರೆಗೆ ಎರಡು ಮೋಟರ್ ಸೈಕಲ್ ನಿಲ್ಲುತ್ತಿದ್ದವು. ದೊಡ್ಡದು ನನ್ನ ಗಂಡನದು, ಮದುವೆಗೂ ಮೊದಲೇ ಕೊಂಡದ್ದು. ಸಣ್ಣದು ನನ್ನದು. ಸಂಗೊಳ್ಳಿಯ ಆಚೆಗಿನ ಹಳ್ಳಿಯೊಂದರ ಶಾಲೆಯಲ್ಲಿ ನಾನು ಶಿಕ್ಷಕಿ. ಮೊದಲು ಸ್ಕೂಟರಿನಲ್ಲೇ ಹೋಗುತ್ತಿದ್ದೆ. ಮಳೆಗಾಲದಲ್ಲಿ ಅದರ ಸಣ್ಣ ಗಾಲಿ ಎರೆಮಣ್ಣಿನಲ್ಲಿ ಹೂತು ನಾನು ಬಿದ್ದು ಬಂದಮೇಲೆ, ಗಂಡನೇ ಅದನ್ನು ಮಾರಿ ಗೇರಿನ ಗಾಡಿ ತಂದರು. ಕ್ಲಚ್ ಬಿಡುವುದನ್ನು ಒಮ್ಮೆಯೂ ಸಿಟ್ಟಾಗದೆ ಕಲಿಸಿದರು.

ಅತ್ತೆಗೆ ಮೆಟ್ಟಿಲು ಹತ್ತಲು ಆಗದಂತಾದಾಗ ಅಂಗಳದಲ್ಲೇ ಬಚ್ಚಲು, ಸಂಡಾಸು ಕಟ್ಟಿಸಬೇಕಾಯಿತು. ಉಳಿದ ಜಾಗ ಒಂದೇ ಗಾಡಿಗೆ ಸಾಕಾಗುವಷ್ಟು. ಗಲ್ಲಿ ಇಕ್ಕಟ್ಟು, ಹೊರಗೆ ನಿಲ್ಲಿಸುವಂತಿಲ್ಲ. ಗಂಡನಿಗೋ ಬೆನ್ನುನೋವು ಹೆಚ್ಚಾಗಿ, ಭಾರದ ಗಾಡಿ ಹೊಡೆಯಬೇಡಿ ಎಂದು ಡಾಕ್ಟರು ಹೇಳಿದ್ದರು.

ಒಂದು ಮುಂಜಾನೆ ಚಹಾ ಕುಡಿಯುತ್ತ ಅವರು ಕೇಳಿದರು: "ಯಾವುದು ಇಟಗೊಳ್ಳೋಣು? ನೀನ ಹೇಳು."

"ಸಣ್ಣದು," ಎಂದೆ.

ಚಹಾದ ಬಸಿ ಅವರ ತುಟಿಯ ಹತ್ತಿರವೇ ನಿಂತಿತು. "ಇಷ್ಟು ಲಗೂನ ಹೇಳಿಬಿಟ್ಟೆಲ್ಲ," ಎಂದು ನಕ್ಕರು.

"ಅಲ್ರೀ, ಸಾಲಿಗೆ ಹೋಗಾಕ, ಸಂತಿಗೆ, ಅತ್ತ್ಯಾರನ್ನ ದವಾಖಾನಿಗೆ ಕರಕೊಂಡು ಹೋಗಾಕ, ಎಲ್ಲಾದಕ್ಕೂ ಇದ ಬರತೈತಿ. ನೀವೂ ಹೊಡೀಬಹುದು."

"ಖರೇನ ಐತಿ ಬಿಡು."

ಖರೆಯೇ ಇತ್ತು. ಹೇಳದೆ ಬಿಟ್ಟದ್ದೆಂದರೆ, ಆ ಉತ್ತರ ಅವರಿಗೆ ಬೆನ್ನುನೋವು ಬರುವ ಮೊದಲೇ ನನ್ನಲ್ಲಿ ತಯಾರಿತ್ತು. ದೊಡ್ಡ ಗಾಡಿಯಲ್ಲಿ ನಾವು ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲ ತಿರುಗಿದ್ದೇವೆ. ದಾರಿಯುದ್ದಕ್ಕೂ ನಾನು ಕಂಡದ್ದು ಹೆಚ್ಚಾಗಿ ಅವರ ಅಂಗಿಯ ಬೆನ್ನು. ಸಣ್ಣ ಗಾಡಿಯಲ್ಲಿ ಒಬ್ಬಳೇ ಶಾಲೆಗೆ ಹೊರಟಾಗ ಇಡೀ ರಸ್ತೆ ನನ್ನೆದುರಿಗೆ ಇರುತ್ತಿತ್ತು. ನನಗೆ ಬೇಕಾದದ್ದು ಆ ಸುಖ. ಅದನ್ನು ಅತ್ತೆಯ ಹೆಸರಿನಲ್ಲಿ, ಸಂತೆಯ ಹೆಸರಿನಲ್ಲಿ ಕೇಳಿ ಪಡೆದೆ.

ದೊಡ್ಡ ಗಾಡಿ ಕೊಳ್ಳಲು ಕಟಕೋಳದ ಕಡೆಯ ರೈತ ಗಂಡ ಹೆಂಡತಿ ಬಂದರು. ಬಗ್ಗಿದರೆ ನೋಯುತ್ತಿದ್ದರೂ ಆವತ್ತು ಗಂಡ ತಾವೇ ಗಾಡಿ ಒರೆಸಿದ್ದರು. "ಮೊದಲ ಹಗೂರಕ ತುಳೀರಿ, ಬಿಗಿ ಹತ್ತಿದಮ್ಯಾಲ ಜೋರ ಒದೀರಿ," ಎಂದು ಬಂದವನಿಗೆ ಕಿಕ್ ಹೊಡೆಯುವುದನ್ನು ಹೇಳಿಕೊಡುತ್ತಿದ್ದರು. ಅವನ ಹೆಂಡತಿ ನನ್ನ ಹತ್ತಿರ ಬಂದು ಮೆಲ್ಲಗೆ, "ಹಿಂದ ಕುಂದ್ರಾಕ ಆರಾಮ ಐತೇನ್ರಿ ಅಕ್ಕಾರ?" ಎಂದಳು.

"ಭಾಳ ಆರಾಮ ಐತ್ರಿ," ಎಂದೆ. ಅದೂ ಸುಳ್ಳಲ್ಲ.

ಗಾಡಿ ಕೊಂಡವರು ತಿರುವು ದಾಟುವವರೆಗೂ ಗಂಡ ಗಲ್ಲಿಯಲ್ಲಿ ನಿಂತಿದ್ದರು.

ಕೆಲವು ದಿನಗಳ ನಂತರ ಸಂಪಗಾಂವಿಗೆ, ನಾದಿನಿಯ ಮನೆಗೆ ಹೊರಟೆವು. ಬೆನ್ನು ಹಿಡಿದಿದ್ದರಿಂದ ಅವರು ಮೊದಲ ಸಲ ನನ್ನ ಹಿಂದೆ ಕುಳಿತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೀಟಿನ ಹಿಂದಿನ ಕಬ್ಬಿಣ ಹಿಡಿದುಕೊಂಡರು. ಸಂಪಗಾಂವ ಹತ್ತಿರವಾದಾಗ, ಅಲ್ಲಿನ ಅವರ ಗೆಳೆಯರು ಕೂಡುವ ಚಹಾದಂಗಡಿಗಿಂತ ಮೊದಲೇ, "ಇಲ್ಲೇ ನಿಂದರ್ಸು. ಕಾಲು ಹಿಡದಾವು, ನಡದು ಬರತೇನಿ," ಎಂದರು. ಕಾಲು ಹಿಡಿದಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನೊಬ್ಬಳೇ ಅಂಗಡಿ ದಾಟಿ ಹೋದೆ.

ಮತ್ತೊಮ್ಮೆ ಹೋದಾಗ ಅದೇ ಜಾಗದಲ್ಲಿ ನಾನಾಗಿಯೇ ಗಾಡಿ ನಿಧಾನ ಮಾಡಿದೆ.

"ಯಾಕ?" ಎಂದರು.

"ಇಳೀತೀರೇನ್ರಿ?"

"ಬ್ಯಾಡ, ಹೊಡಿ," ಎಂದರು. ಅಂಗಡಿಯಿಂದ ಯಾರೋ ಏನೋ ಕೂಗಿ ನಕ್ಕರು. ಗಂಡ ಅವರತ್ತ ಕೈ ಎತ್ತಿದ್ದು ಕನ್ನಡಿಯಲ್ಲಿ ಕಂಡಿತು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಮರಳಿ ಹೊರಡುವಾಗ ಚಾವಿ ಅವರ ಮುಂದೆ ಹಿಡಿದು, "ಬೆನ್ನು ಆರಾಮ ಐತೆಲ್ರಿ, ನೀವ ಹೊಡೀರಿ," ಎಂದೆ.

"ಇರಲಿ, ನಿನಗ ರೂಢಿ ಆಗೈತಿ," ಎಂದರು.

ನನಗೆ ಒಳಗೊಳಗೇ ಹಿಗ್ಗಾಯಿತು. ಅದು ಅವರಿಗೆ ಕಾಣದಿರಲೆಂದು ಮುಖ ತಿರುಗಿಸಿ ಬೇಗನೆ ಗಾಡಿ ಏರಿದೆ.