ಚಪ್ಪಲಿ ಅಂಗಡಿಯ ಅಕ್ಕ ಕಾಲೇಜು ಆರಿಸಿದ್ದು

ಚಪ್ಪಲಿ ಅಂಗಡಿಯ ಅಕ್ಕನಿಗೆ ನಲವತ್ತಮೂರು ವರ್ಷ. ಅದರಲ್ಲಿ ಇಪ್ಪತ್ತೊಂದನ್ನು ಪರರ ಪಾದಗಳ ಮುಂದೆ ಮೋಟು ಸ್ಟೂಲಿನ ಮೇಲೆ ಕೂತೇ ಕಳೆದಿದ್ದಾಳೆ. ಬಾಗಿಲು ದಾಟಿ ಬಂದವರ ನಡಿಗೆ ನೋಡಿಯೇ ನಂಬರ್ ಹೇಳಬಲ್ಲಳು. ಆದರೂ ಇಬ್ಬರು ಜೊತೆಯಾಗಿ ಬಂದರೆ ಅವಳ ಮೊದಲ ಮಾತು ಒಂದೇ: “ಯಾರಿಗೆ?” ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೊಮ್ಮಗನ ಜೊತೆ ಬಂದ ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿ ಹುಡುಗನಿಗೆ ಆರು ಜೊತೆ ಬೂಟು ತೊಡಿಸಿದ್ದಳು. ಓಡುವ ಬೂಟು ಬೇಕಾಗಿದ್ದದ್ದು ಅಜ್ಜಿಗೆ.

ಇಂಥ ಅಕ್ಕನಿಗೆ ಮಾರ್ಕೆಟಿಂಗ್ ಓದುವ ಹುಚ್ಚು ಹಿಡಿಯಿತು. ಹುಚ್ಚೇನು ಬಂತು, ಹಳೆಯ ಆಸೆಯೇ. ಅಪ್ಪ ಹಾಸಿಗೆ ಹಿಡಿದ ವರ್ಷ ಕಾಲೇಜು ಬಿಟ್ಟವಳು ಮತ್ತೆ ಆ ಮೆಟ್ಟಿಲು ಹತ್ತಿರಲಿಲ್ಲ. ಗಿರಾಕಿ ಯಾಕೆ ಬರುತ್ತಾನೆ, ಯಾಕೆ ಬರಿಗೈಲಿ ಹೋಗುತ್ತಾನೆ ಎಂಬುದೆಲ್ಲ ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಕಂಪನಿಯಿಂದ ಟೈ ಕಟ್ಟಿಕೊಂಡು ಬಂದವರ ಮುಂದೆ ಅದನ್ನು ಹೇಳಹೊರಟರೆ ಅವರ ಭಾಷೆಯ ಪದಗಳು ಸಿಗುತ್ತಿರಲಿಲ್ಲ. ಅಂಗಡಿಗೆ ರಜೆಯಿದ್ದ ಒಂದು ದಿನ ಮೂರು ಕಾಲೇಜುಗಳ ಹೆಸರು ಚೀಟಿಯಲ್ಲಿ ಬರೆದುಕೊಂಡು, ಡಿಗ್ರಿ ಓದುತ್ತಿದ್ದ ಮಗಳ ಜೊತೆ ಹೊರಟಳು.

“ಮೂರರಲ್ಲಿ ಒಂದೂ ಸರಿಹೋಗ್ಲಿಲ್ಲ ಅಂದ್ರೆ ಈ ಆಸೆ ಇವತ್ತಿಗೇ ಮುಗೀತು. ಆಮೇಲೆ ನೀನೂ ನನ್ನ ತಲೆ ತಿನ್ನಬಾರದು,” ಎಂದಳು.

ಮೊದಲನೆಯದರಲ್ಲಿ ಗಾಜಿನ ಬಾಗಿಲು, ಮೆತ್ತನೆಯ ಸೋಫಾ. ಮೇಜಿನ ಹಿಂದಿದ್ದಾತ ನೇರ ಮಗಳ ಕೈಗೆ ಬಣ್ಣದ ಪುಸ್ತಿಕೆ ಕೊಟ್ಟು, “ಪೋಷಕರು ಅಲ್ಲಿ ಕೂತ್ಕೊಳ್ಳಿ, ಟೀ ಬರುತ್ತೆ,” ಎಂದ. ಅಕ್ಕ ಕೂತಳು. ಟೀ ಚೆನ್ನಾಗಿಯೇ ಇತ್ತು.

ಮಗಳು ನಗು ತಡೆಯಲಾರದೆ, “ಸರ್, ಓದೋರು ಅಮ್ಮ,” ಎಂದಳು.

ಆತ ತಡಬಡಾಯಿಸಿದ. “ಹೌದಾ? ತರಗತಿ ಬೆಳಿಗ್ಗೆ ಒಂಬತ್ತರಿಂದ ನಾಲ್ಕರ ತನಕ. ಬರ್ತಾ ಬರ್ತಾ ಹೊಂದಿಕೊಳ್ಳುತ್ತೆ ಬಿಡಿ.”

ಹೊರಗೆ ಬಂದ ಅಕ್ಕ ಮೂಗು ಮುರಿದಳು. “ಬಿಗಿ ಚಪ್ಪಲಿ ದಾಟಿಸೋರ ಮಾತಿದು. ಹಾಕ್ತಾ ಹಾಕ್ತಾ ಸರಿಹೋಗುತ್ತೆ ಅಂತಾರಲ್ಲ, ಅದೇ. ನಾನು ಇವತ್ತಿನವರೆಗೂ ಯಾರಿಗೂ ಹಾಗೆ ಹೇಳಿಲ್ಲ.”

ಎರಡನೆಯದರಲ್ಲೂ ಫಾರ್ಮು ಮಗಳ ಕೈಗೇ ಹೋಯಿತು. ವಿಷಯ ತಿಳಿದ ಮೇಲೆ ಅಲ್ಲಿನ ಹೆಂಗಸು ಕೆನ್ನೆಗೆ ಕೈಹಚ್ಚಿ, “ಈ ವಯಸ್ಸಲ್ಲಿ ಓದ್ತೀರಾ, ಪಾಪ,” ಎಂದು ಮೂರು ವಾರದ ಕೋರ್ಸು ತೋರಿಸಿದಳು. “ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, ಸುಮ್ನೆ ಬಂದು ಕೂತ್ರೆ ಸಾಕು.”

“ಅದು ಕಚ್ತು, ಇದು ಕಾಲಲ್ಲೇ ನಿಲ್ಲಲ್ಲ,” ಎಂದಳು ಅಕ್ಕ. ತಮಾಷೆಗೇ ಹೇಳಿದಳು, ಆದರೆ ದನಿ ಸೋತಿತ್ತು.

ಮೂರನೆಯದು ಸುಣ್ಣ ಮಾಸಿದ ಹಳೆಯ ಕಟ್ಟಡ. ಗುಮಾಸ್ತ ರಜೆಯಲ್ಲಿದ್ದನೆಂದು ಪಾಠ ಹೇಳುವ ಮೇಡಂ ಒಬ್ಬರು, ತೋಳಿನ ಮೇಲಿನ ಸೀಮೆಸುಣ್ಣದ ಪುಡಿಯನ್ನೂ ಕೊಡವದೆ, ಅವನ ಕುರ್ಚಿಯಲ್ಲಿ ಕೂತಿದ್ದರು. ತಾಯಿಯ ಮುಖ ನೋಡಿದರು, ಮಗಳ ಮುಖ ನೋಡಿದರು.

“ಯಾರಿಗೆ?”

ಇಪ್ಪತ್ತೊಂದು ವರ್ಷ ಅಕ್ಕ ಕೇಳಿದ ಪ್ರಶ್ನೆ. ಅವಳನ್ನು ಯಾರೂ ಕೇಳಿರಲಿಲ್ಲ. ಅಂಗಡಿಗೆ ಬರುವ ಎಷ್ಟೋ ತಾಯಂದಿರು “ಮಗನಿಗೆ”, “ಇವರಿಗೆ” ಎನ್ನುತ್ತಿದ್ದರು. ತಮಗೇ ಬೇಕಾದವರು ತಪ್ಪು ಒಪ್ಪಿಕೊಂಡಂತೆ ಮೆಲ್ಲಗೆ ಹೇಳುತ್ತಿದ್ದರು.

“ನನಗೆ,” ಎಂದಳು. ಹೊರಗೆ ಹೋಗುತ್ತಿದ್ದ ಇಬ್ಬರು ತಿರುಗಿ ನೋಡುವಷ್ಟು ಜೋರಾಗಿ ಬಂತು ಮಾತು. ಅವಳಿಗೆ ಖುಷಿಯಾಯಿತು.

ಮೇಡಂ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತೆ, ಓದು ಎಲ್ಲಿಗೆ ನಿಂತಿತ್ತು, ಏನು ಕಂಡರೆ ಭಯ ಎಂದೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡರು. ಅಳತೆ ತೆಗೆದುಕೊಳ್ಳುತ್ತಿದ್ದಾರೆಂದು ಅಕ್ಕನಿಗೆ ತಿಳಿಯಿತು. “ಸಂಜೆ ತರಗತಿ ಇದೆ, ಮೂರು ವರ್ಷ. ಅರ್ಧಕ್ಕರ್ಧ ಜನ ಕೆಲಸ ಮುಗಿಸಿ ಬರೋರೇ. ಪರೀಕ್ಷೆ ಮಾತ್ರ ಕಷ್ಟ, ಈಗ್ಲೇ ಹೇಳಿರ್ತೀನಿ.”

ಅಕ್ಕ ಪೆನ್ನು ಎತ್ತಿಕೊಂಡಳು. ಫಾರ್ಮು ತುಂಬಿ ಏಳುವಾಗ, ಅಭ್ಯಾಸಬಲ, ಕಣ್ಣು ಮೇಜಿನ ಕೆಳಗೆ ಹೋಯಿತು.

“ಮೇಡಂ, ನೀವು ಹಾಕಿರೋದು ಒಂದು ನಂಬರ್ ಚಿಕ್ಕದು.”

“ಹಾಕ್ತಾ ಹಾಕ್ತಾ ಸರಿಹೋಗುತ್ತೆ ಅಂದ್ರು ಕಣ್ರೀ ಅಂಗಡಿಯವರು.”

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕ, “ಸೋಮವಾರ ಸಂಜೆ ನಮ್ಮ ಅಂಗಡಿಗೆ ಬನ್ನಿ, ನಾನೇ ನೋಡಿ ಕೊಡ್ತೀನಿ,” ಎಂದಳು.

“ಸೋಮವಾರ ಸಂಜೆ ನೀವು ಅಂಗಡೀಲಿ ಇರಲ್ಲ,” ಎಂದರು ಮೇಡಂ. “ಕ್ಲಾಸಲ್ಲಿ ಇರ್ತೀರ.”